ಸಾಗವಾನಿ ಹೇಳಿದ ವಯಸ್ಸು

ನಿಜಾಮರ ಆಡಳಿತ ಹೋಗಿ ಎರಡನೇ ಬೇಸಿಗೆ. ಆಗ ನಮ್ಮಲ್ಲಿ ಹುಟ್ಟಿದ ತಾರೀಖು ಬರೆದಿಡುವವರಿರಲಿಲ್ಲ. ಮಕ್ಕಳ ವಯಸ್ಸನ್ನು ಮಳೆಯ ಮೇಲೆ ನೆನಪಿಡುತ್ತಿದ್ದರು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಸಗರದ ಹೊಸ ಕನ್ನಡ ಶಾಲೆಯ ಕಟ್ಟೆಯ ಮೇಲೆ ಮೂವರಿದ್ದೆವು: ಮಾಸ್ತರರು, ಅಪ್ಪನ ತಾಯಿಯಾದ ನನ್ನ ಆಯಿ, ಮತ್ತು ನಾನು.

"ಹುಡುಗಿ ಭಾಳ ಎತ್ತರ ಅದಾಳ. ಹತ್ತು ದಾಟಿದ್ರ ಒಂದನೇ ಕ್ಲಾಸಿಗೆ ತಗೊಳ್ಳಾಕ ಬರಂಗಿಲ್ಲ," ಎಂದರು ಮಾಸ್ತರರು.

"ಎತ್ತರ ಅವರಪ್ಪಂದು, ವಯಸ್ಸು ಆಕಿದು," ಎಂದಳು ಆಯಿ. "ಹಳ್ಳ ಊರಾಗ ಬಂದ ಮರುವರ್ಷ ಮಳಿನೇ ಆಗಲಿಲ್ಲ. ಆವಾಗ ಹುಟ್ಟ್ಯಾಳ್ರಿ."

"ಅದು ಎಷ್ಟು ವರ್ಷಾತು?"

ಆಯಿ ಬೆರಳು ಮಡಚಿ ಎಣಿಸತೊಡಗಿ ನಡುವೆಯೇ ತಪ್ಪಿದಳು. ಸಂಜೆ ಐದರೊಳಗೆ ವಯಸ್ಸಿನ ಪುರಾವೆ, ಸಬೂತು ತರಬೇಕು, ಇಲ್ಲವಾದರೆ ಹೆಸರು ಬರೆಯುವುದಿಲ್ಲ ಎಂದರು ಮಾಸ್ತರರು. ಬರೆಸಿಯೇ ತೀರಬೇಕೆಂದು ನಾನು ನಿಶ್ಚಯಿಸಿದೆ.

ನೇರವಾಗಿ ಬಡಿಗ ಮಾನಪ್ಪ ಕಾಕಾನ ಅಂಗಳಕ್ಕೆ ನಡೆದೆವು. ಹಿಂದಿನ ಚಳಿಗಾಲದಲ್ಲಿ ಅವನು ನಮ್ಮ ಹೊಲದ ಬಾವಿ ದಂಡೆಯ ಸಾಗವಾನಿ ಕಡಿದು ತೊಲೆ ಮಾಡಿದ್ದ. ಮರ ವರ್ಷಕ್ಕೊಂದು ಸುತ್ತು ಬೆಳೆಯುತ್ತದೆ, ಮಳೆ ಚೆನ್ನಾಗಿದ್ದರೆ ಅಗಲ, ಕೈಕೊಟ್ಟರೆ ದಾರದಷ್ಟು ಎಂದು ಅವನೇ ಹೇಳಿದ್ದ. ತೊಲೆಯ ತುದಿಯಲ್ಲಿ ಹುಡುಕಿದೆವು. ಹಳ್ಳ ಬಂದ ವರ್ಷದ್ದು ಬಲು ಅಗಲವಾದ ಒಂದು ಸುತ್ತು, ಅದರ ಹೊರಗೇ ನಾನು ಹುಟ್ಟಿದ ವರ್ಷದ್ದು, ದಾರದಂಥದ್ದು. ಅದನ್ನೂ ಸೇರಿಸಿ ಹೊರಕ್ಕೆ ಎಣಿಸಿದೆ. ನಾಲ್ಕೇ!

"ಇಕಿನ್ನ ತೊಟ್ಲಾಗ ಹಾಕ್ರಿ!" ಎಂದು ಕಾಕಾ ನಕ್ಕ.

ನಾನು ನಗಲಿಲ್ಲ. ತೊಲೆಯ ಮೈ ಸವರಿ, "ಕಾಕಾ, ತೊಗಟಿ ಎಲ್ಲದ?" ಎಂದೆ.

ಅವನು ಹಣೆ ಬಡಿದುಕೊಂಡ. "ಹೊರಗಿನ ಬಿಳಿ ಕಟಗಿಗೆ ಹುಳ ಹತ್ತತಾವಂತ ನಾನೇ ಕೆತ್ತಿ ಒಗದೀನಿ. ನಿನ್ನ ವರ್ಷೆಲ್ಲ ಒಲಿಗೆ ಹೋಗ್ಯಾವ, ತಂಗಿ."

"ಬೊಡ್ಡಿ ಹೊಲದಾಗ ಅದ. ಅದಕ್ಕ ತೊಗಟಿ ಅದ. ಬಾಚಿ ತಗೊಂಡು ಬಾ," ಎಂದೆ.

ಬಿಸಿಲಲ್ಲೇ ಹೋದೆವು. ಕಾಕಾ ಬಾಚಿಯಿಂದ, ನೆಲದಲ್ಲಿ ಉಳಿದಿದ್ದ ಬೊಡ್ಡೆಯ ತಲೆ ಕೆತ್ತಿ ನಯ ಮಾಡಿದ. ನಾನು ನೀರು ಚಿಮುಕಿಸಿ ಒರೆಸಿದೆ. ಹೊಸ ಚರ್ಮದಂಥ ವಾಸನೆ ಎದ್ದಿತು. ಆಯಿ ಉಡಿಯಿಂದ ಜೋಳ ಕೊಟ್ಟಳು. ದಾರದಂಥ ಸುತ್ತಿನಿಂದ ತೊಗಟೆಯವರೆಗೆ ಸುತ್ತಿಗೊಂದು ಕಾಳು ಇಟ್ಟೆ. ಒಂಬತ್ತು.

ನಾಲ್ಕೂವರೆಗೆ ಮಾಸ್ತರರನ್ನು ಅಲ್ಲಿಗೇ ಕರೆತಂದೆ. ಅವರು ಬಗ್ಗಿ ಎರಡು ಸಲ ಎಣಿಸಿದರು.

"ಮೊದಲನೇ ಸುತ್ತು ಹುಟ್ಟಿದ ವರ್ಷದ್ದು. ಈ ಮಳಿಗಿ ಒಂಬತ್ತು ತುಂಬತಾವ. ನಡಿ, ಹೆಸರು ಬರಿತೀನಿ."

ಆ ಬೊಡ್ಡೆ ಗೆದ್ದಲಿಗೆ ಹೋಯಿತು. ಆಯಿಯೂ ಈಗಿಲ್ಲ. ನನ್ನ ಮೊಮ್ಮಕ್ಕಳಿಗೆ ಹುಟ್ಟಿದ ಗಳಿಗೆ, ನಿಮಿಷ ಎಲ್ಲ ಗೊತ್ತು. ಆ ವರ್ಷ ಮಳೆ ಹೇಗಿತ್ತೆಂದು ಕೇಳಿದರೆ ಮುಖ ಮುಖ ನೋಡುತ್ತಾರೆ.

ಅಂದು ಹೆಸರು ಬರೆಸಿದ ಮೇಲೆ ಮತ್ತೆ ಹೊಲಕ್ಕೆ ಹೋದೆ. ಒಂಬತ್ತೂ ಕಾಳು ಆರಿಸಿ ತಂದು ಆಯಿಯ ಉಡಿಗೆ ಹಾಕಿದೆ. ಅದು ಆ ದಿನದ ಕಡೆಯ ಕೆಲಸ.