ಪಕ್ಕದ ವಕೀಲನ ದನಿ

ಗಂಗಾವತಿ ಕೋರ್ಟಿನ ಹೊರಗೆ ಮರಳಿ ಊರಿನ ಹುಸೇನಬಿ ತಮ್ಮ ಮೊಬೈಲನ್ನು ನನ್ನ ಕಿವಿಗೆ ಹಿಡಿದರು. "ಅಮ್ಮಾ, ಇವತ್ತ ನಿಮ್ಮ ಕೇಸ್ ಐತ್ರಿ, ಆಧಾರ್ ಕಾರ್ಡ್ ತಗೊಂಡು ಬರ್ರಿ." ಅದು ನನ್ನ ಪಕ್ಕದ ಆಫೀಸಿನ ಹೊಸ ವಕೀಲನ ದನಿ. ಹುಸೇನಬಿಯಂಥ ಅವನ ಕಕ್ಷಿದಾರರಿಗೆಲ್ಲ ಅವನ ಕಂಪ್ಯೂಟರು ತಾನಾಗಿಯೇ ಅವನದೇ ದನಿಯಲ್ಲಿ ಹೀಗೆ ಸಂದೇಶ ಕಳಿಸುತ್ತದೆ. ಅವನ ಬಾಗಿಲಲ್ಲಿ ಹೆಚ್ಚುತ್ತಿದ್ದ ಚಪ್ಪಲಿಗಳನ್ನು ನೋಡಿ ನನಗೆ ಮೊದಲೇ ಹೊಟ್ಟೆಯುರಿ.

"ಮಾತಾಡಾಕತ್ತಿದ್ದು ಅವ ಅಲ್ಲಮ್ಮ, ಮಷೀನು," ಎಂದೆ.

"ಮಷೀನಾದ್ರೂ ಮಾತಾಡ್ತೈತಲ್ರಿ ಸಾಹೇಬ್ರ. ನೀವು ಒಮ್ಮಿನೂ ಫೋನ್ ಮಾಡಿಲ್ಲಂತ ನಮ್ಮ ತಮ್ಮ ಅಂತಾನ."

ಅವರ ತಮ್ಮ ಖಾದರ್ ನನ್ನ ಕಕ್ಷಿದಾರ. ಅವನೂ ಪಕ್ಕದ ಬಾಗಿಲಿಗೆ ಹೋದಾನೆಂದು ಹೆದರಿ, ಮುಂದಿನ ತಾರೀಖು ತಿಳಿಸಲು ಸಂಜೆ ನಾನೇ ಫೋನ್ ಮಾಡಿದೆ.

ಖಾದರ್ ಮೆಲ್ಲಗೆ ಕೇಳಿದ: "ನೀವಾಗೇ ಫೋನ್ ಮಾಡೀರಿ ಅಂದ್ರ, ಕೇಸ್ ಸೋತ್ವೇನ್ರಿ?"

ಮರುದಿನ ಪಕ್ಕದ ಆಫೀಸಿಗೆ ಹೋದೆ. ಕೊಪ್ಪಳದ ಗೆಳೆಯನಿಗೆ ಬೇಕಾಗಿದೆ ಎಂದು ಸುಳ್ಳು ಹೇಳಿ, ದನಿ ಕಳಿಸುವ ಆ ಕಂಪ್ಯೂಟರ್ ವ್ಯವಸ್ಥೆಯ ಹೆಸರು ಬರೆದುಕೊಂಡು ಬಂದೆ.