ಮೈಕಿನಲ್ಲಿ ರೀ ಅಂದದ್ದು

ಅವರಿಗೆ ಎಡಗಿವಿ ಪೂರಾ ಹೋಗಿತ್ತು. ಬಲಗಿವಿ ಅರ್ಧ ಉಳಿದಿತ್ತು. ಇದು ಗೊತ್ತಿದ್ದದ್ದು ಹೆಂಡತಿಗೆ ಒಬ್ಬಳಿಗೇ.

ಕಿವಿ ತಿಂದದ್ದು ಕಾರ್ಖಾನೆ. ಪರದೇಶಕ್ಕೆ ಬಂದಾಗಿನಿಂದ ಅವರದು ಒಂದೇ ಕೆಲಸ, ತಗಡಿನ ಡಬ್ಬಿಗೆ ಮುಚ್ಚಳ ಹೊಡೆಯುವ ಪ್ರೆಸ್ಸು ನಡೆಸುವುದು. ಎದುರಿಗೆ ನಿಂತವನ ಬಾಯಿ ಆಡುವುದು ಕಾಣಬೇಕೇ ಹೊರತು ಮಾತು ಕೇಳುವ ಜಾಗವಲ್ಲ ಅದು. ಮೊದಮೊದಲು ಕಿವಿಗೆ ಹತ್ತಿ ತುರುಕಿಕೊಂಡು ಹೋಗುತ್ತಿದ್ದರು. ಆಮೇಲೆ ಹತ್ತಿಯೂ ಬೇಡವಾಯಿತು. ಆಗಲೇ ಹೆಂಡತಿಗೆ ಅನುಮಾನ ಬಂದದ್ದು. ಒಂದು ಬೆಳಿಗ್ಗೆ ಕೈಗೆ ಹಿಟ್ಟು ಮೆತ್ತಿಕೊಂಡು ಅವರ ಬೆನ್ನ ಹಿಂದಿನಿಂದ, "ಹಾಲು ಉಕ್ತಾ ಇದೆ, ಇಳಿಸ್ರೀ" ಅಂದಳು. ಒಲೆಯ ಪಕ್ಕದಲ್ಲೇ ನಿಂತಿದ್ದವರು ಶರಟಿಗೆ ಗುಂಡಿ ಹಾಕಿಕೊಳ್ಳುತ್ತಲೇ ಇದ್ದರು. ಹಾಲೆಲ್ಲ ಒಲೆಯ ಪಾಲಾಯಿತು.

"ಯಾರಿಗೂ ಹೇಳ್ಬೇಡ," ಅಂದರು. "ಕಿವುಡ ಅಂತ ಗೊತ್ತಾದ್ರೆ ಪ್ರೆಸ್ಸಿಂದ ಇಳಿಸಿ ಕೈಗೆ ಪೊರಕೆ ಕೊಡ್ತಾರೆ."

"ನಾನು ಪೊರಕೆ ಹಿಡಿದಿಲ್ವಾ?" ಅಂದಳು. ಅವಳು ಆಗ ಒಂದು ಆಫೀಸಿನ ಮೆಟ್ಟಿಲು ಗುಡಿಸಿ ಒರೆಸುವ ಕೆಲಸಕ್ಕೆ ಹೋಗುತ್ತಿದ್ದಳು.

"ಪೊರಕೆಗೆ ನಾಚ್ಕೆ ಇಲ್ಲ ಕಣೇ. ನನ್ನ ಮೆಷಿನ್ನು ಇನ್ನೊಬ್ಬನ ಕೈಗೆ ಹೋಗುತ್ತಲ್ಲ."

ಅದು ಸುಳ್ಳಲ್ಲ. ಶಬ್ದ ಕೇಳದಿದ್ದರೂ ಮೆಷಿನ್ನಿನ ಮೈ ಮೇಲೆ ಅಂಗೈ ಇಟ್ಟರೆ ಸಾಕು, ಎಲ್ಲಿ ನೋವು ಅಂತ ಹೇಳುತ್ತಿದ್ದರು. ಎಣ್ಣೆ ಬೇಕೋ, ಬೋಲ್ಟು ಸಡಿಲವೋ, ಕೈಗೆ ತಿಳಿಯುತ್ತಿತ್ತು. ಹೆಂಡತಿ ಬಾಯಿಗೆ ಬೀಗ ಹಾಕಿಕೊಂಡಳು.

ಅಲ್ಲಿಂದ ಅವಳಿಗೂ ಒಂದು ಕೆಲಸ ಹೆಚ್ಚಾಯಿತು. ಎಲ್ಲಿಗೆ ಹೋದರೂ ಅವರ ಬಲಗಡೆ ನಡೆಯುವುದು, ಬಲಗಡೆ ಕೂರುವುದು. ಯಾರಾದರೂ ಅವರನ್ನು ಏನಾದರೂ ಕೇಳಿದರೆ, ಆ ಮಾತನ್ನೇ ತನ್ನ ಮಾತಿನಲ್ಲಿ ಸುತ್ತಿ ಬಲಗಿವಿಗೆ ದಾಟಿಸುವುದು. "ಕೇಳಿದ್ರೇನ್ರೀ, ಇವರ ಮಗಳಿಗೆ ಕೆಲಸ ಸಿಕ್ತಂತೆ!" ಅಷ್ಟು ಸಿಕ್ಕರೆ ಉಳಿದದ್ದನ್ನು ಅವರು ನೋಡಿಕೊಳ್ಳುತ್ತಿದ್ದರು. ಗಂಡನಿಗೆ ಬಾಯಿ ತೆಗೆಯಲು ಬಿಡುವುದಿಲ್ಲ ಅಂತ ಜನ ಆಡಿಕೊಂಡರು. ಬಾಯಿಬಡುಕಿ ಅಂದರು. ಅಂದುಕೊಳ್ಳಲಿ. ಗಂಡನ ಮೆಷಿನ್ನು ಗಂಡನ ಹತ್ತಿರವೇ ಇತ್ತು.

ಒಂದು ಶನಿವಾರ ಇಬ್ಬರೂ ಅವರ ಹಳೆಯ ಗೆಳೆಯನ ಮನೆಗೆ ರೈಲು ಹತ್ತಿದರು. ಗೆಳೆಯ ಮೊದಲು ಅದೇ ಕಾರ್ಖಾನೆಯಲ್ಲಿ ಡಬ್ಬಿ ಜೋಡಿಸುತ್ತಿದ್ದವನು. ಈಗ ಸಮುದ್ರದ ದಂಡೆಯ ಊರಿನಲ್ಲಿ ಲಾರಿಗೆ ಟೈರು ಹಾಕುತ್ತಿದ್ದ. ಎಲ್ಲರೂ ಅವನನ್ನು ಗಡಿಬಿಡಿ ಅನ್ನುತ್ತಿದ್ದರು. ಊಟಕ್ಕೆ ಕೂತರೂ ಒಂದು ಕಾಲು ಬಾಗಿಲ ಕಡೆ ಇರುವ ಆಸಾಮಿ. ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ. ಕಾರ್ಖಾನೆಯ ಮೇಸ್ತ್ರಿಗೂ ಅವನಿಗೂ ಈಗಲೂ ದೋಸ್ತಿ, ವಾರವಾರ ಫೋನು.

"ಅವನ ಮುಂದೆ ಹುಷಾರು," ಅಂದರು ಅವರು ರೈಲಿನಲ್ಲಿ.

"ನನಗೆ ಹೇಳ್ತೀರಾ? ನೀವು ಹುಷಾರಾಗಿರಿ. ಕೇಳಿಸ್ದೇ ಇದ್ದದ್ದಕ್ಕೆಲ್ಲ ಹಲ್ಲು ಬಿಡ್ಬೇಡಿ. ಹೋದ್ಸಲ ಆ ಕೆಳಗಿನ ಮನೆಯವರು ಅಪ್ಪ ತೀರ್ಕೊಂಡ್ರು ಅಂದಾಗ ನಕ್ರಿ."

"ಅವರ ಮುಖ ನಕ್ಕ ಹಾಗೇ ಇತ್ತು ಕಣೇ."

ಗಡಿಬಿಡಿಯ ಮನೆ ಮೇಲಿನ ಮಹಡಿಯಲ್ಲಿ ಒಂದೇ ಕೋಣೆ. ಹಾಸಿಗೆ ಬಿಚ್ಚಿದರೆ ಬೀರು ತೆಗೆಯುವ ಹಾಗಿಲ್ಲ. ರಾತ್ರಿ ಊಟ ಬಡಿಸುವಾಗ ಅವನ ಹೆಂಡತಿ, "ಅಕ್ಕಾ, ಈ ಕಡೆ ಆರಾಮಾಗಿ ಕೂತ್ಕೊಳ್ಳಿ. ಯಾವಾಗ ನೋಡಿದ್ರೂ ಭಾವನ ಬಲಕ್ಕೇ ಅಂಟ್ಕೊಂಡಿರ್ತೀರಲ್ಲ!" ಅಂದಳು.

"ಮದುವೆ ಫೋಟೋದಲ್ಲಿ ಈ ಕಡೆ ನಿಲ್ಲಿಸಿದ್ರು ಕಣೇ. ಸರ್ಕೋ ಅಂತ ಇನ್ನೂ ಯಾರೂ ಹೇಳಿಲ್ಲ."

ಎಲ್ಲರೂ ನಕ್ಕರು. ಅವರೂ ನಕ್ಕರು, ಸ್ವಲ್ಪ ತಡವಾಗಿ.

ಭಾನುವಾರ ಗಡಿಬಿಡಿ ಎಲ್ಲರನ್ನೂ ದ್ವೀಪಕ್ಕೆ ಹೊರಡಿಸಿದ. ಸಮುದ್ರದ ನಡುವೆ ಹಳೆಯ ಕೋಟೆ, ಅದರ ತುದಿಗೆ ದೀಪಸ್ತಂಭ. ದೋಣಿಯಲ್ಲಿ ಹೋಗಿ ದೋಣಿಯಲ್ಲೇ ಬರಬೇಕು. "ನೋಡಿದ್ರಾ, ಆಯ್ತಾ, ನಡೀರಿ" ಅನ್ನುತ್ತಾ ಅವನು ಕುರಿ ಅಟ್ಟಿದ ಹಾಗೆ ಅಟ್ಟಿದ. ಅವರು ಅಲ್ಲಿದ್ದ ಫಿರಂಗಿಯ ಮೇಲೆ ಅಭ್ಯಾಸಬಲದಿಂದ ಅಂಗೈ ಇಟ್ಟರು. "ಇದಕ್ಕೆ ಎಣ್ಣೆ ಕಂಡು ಬಹಳ ಕಾಲ ಆಯ್ತು ಕಣೋ," ಅಂದರು. ಗಡಿಬಿಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

ಸಂಜೆ ಹೆಂಗಸರಿಬ್ಬರೂ ಕೈಕಾಲು ತೊಳೆದು ಬರಲು ಹೋದರು. ವಾಪಸ್ಸು ಬಂದಾಗ ದೋಣಿಕಟ್ಟೆಯಲ್ಲಿ ಗಡಿಬಿಡಿ ಒಬ್ಬನೇ ನಿಂತಿದ್ದ.

"ಇವರೆಲ್ಲಿ?" ಅಂದಳು.

"ಅಲ್ಲೇ ಕೋಟೆ ಬಾಗಿಲ ಹತ್ರ ನಿಂತಿರು, ಟಿಕೆಟ್ ತರ್ತೀನಿ ಅಂದೆ ಅತ್ತಿಗೆ. ಹ್ಞೂಂ ಅಂದ. ಬಂದು ನೋಡ್ತೀನಿ, ಇಲ್ಲ!"

"ಯಾವ ಕಡೆಯಿಂದ ಹೇಳಿದ್ರಿ?"

"ಯಾವ ಕಡೆಯಿಂದ ಅಂದ್ರೆ?"

"ಏನಿಲ್ಲ ಬಿಡಿ."

ಕಟ್ಟೆಯಲ್ಲಿ ಕೊನೆಯ ದೋಣಿ ನಿಂತಿತ್ತು. ದೋಣಿಯವನು ಗಂಟೆ ಬಾರಿಸುತ್ತಿದ್ದ. ಅವರ ಫೋನು ಇದ್ದದ್ದು ಅವಳ ಚೀಲದಲ್ಲಿ. ಕೇಳದವರಿಗೆ ಫೋನು ಯಾಕೆ. ಗಡಿಬಿಡಿ ಕೋಟೆಯನ್ನೆಲ್ಲ ಒಂದು ಸುತ್ತು ಓಡಿ ಏದುಸಿರು ಬಿಡುತ್ತಾ ಬಂದ.

"ಗಂಟಲು ಹರಿಯೋ ಹಾಗೆ ಕೂಗಿದೆ ಅತ್ತಿಗೆ. ಇದ್ದಿದ್ರೆ ಓ ಅಂತಿರ್ಲಿಲ್ವಾ? ಆ ಬಂಡೆ ಕಡೆ ಏನಾದ್ರೂ ಇಳಿದು..."

"ಸುಮ್ನಿರ್ರೀ ನೀವು!" ಅಂದಳು ಅವನ ಹೆಂಡತಿ.

ಇವಳು ಬಂಡೆಯ ಕಡೆ ತಿರುಗಿ ನೋಡಿದಳು. ಕೂಗಬೇಡಿ, ಕಿವಿ ಕೇಳುವುದಿಲ್ಲ, ಎದುರಿಗೆ ಹೋಗಿ ಹುಡುಕಿ ಅಂದುಬಿಟ್ಟರೆ ಆಗಿತ್ತು. ಗಂಟಲವರೆಗೂ ಬಂತು. ಅಂದರೆ ನಾಳೆ ಮೇಸ್ತ್ರಿಗೆ ಫೋನು ಹೋಗುತ್ತದೆ. ಅನ್ನದಿದ್ದರೆ, ಅವರು ಬಂಡೆಯ ಕಡೆ ಇದ್ದರೆ? ಇನ್ನೊಂದು ಸಲ ನೋಡುತ್ತೇನೆ, ಆಗದಿದ್ದರೆ ಹೇಳಿಬಿಡುತ್ತೇನೆ, ಮನುಷ್ಯನಿಗಿಂತ ಮೆಷಿನ್ನು ದೊಡ್ಡದಲ್ಲ ಅಂದುಕೊಂಡಳು.

ಟಿಕೆಟ್ಟಿನ ಗೂಡಿನಲ್ಲಿ ಒಬ್ಬ ಹುಡುಗಿ ಮೈಕು ಇಟ್ಟುಕೊಂಡು ಕೂತಿದ್ದಳು. ಗಡಿಬಿಡಿ ಹೋಗಿ ಹೆಸರು ಹೇಳಿದ. ಕಾಗದದಲ್ಲಿ ಮಾತ್ರ ಇರುವ ಉದ್ದನೆಯ ಹೆಸರು. ಆ ಹುಡುಗಿಯ ಬಾಯಲ್ಲಿ ಅದು ತುಂಡು ತುಂಡಾಗಿ ಹೊರಗೆ ಬಂತು. ಮತ್ತೆ ಮತ್ತೆ ಕೂಗಿದಳು. ಯಾರೂ ಬರಲಿಲ್ಲ.

ಹುಡುಗಿ ಏನೋ ಕೇಳಿದಳು. ಗಡಿಬಿಡಿಯ ಹೆಂಡತಿ ತಿರುಗಿ, "ಅಕ್ಕಾ, ಮನೇಲಿ ನೀವು ಭಾವನ್ನ ಏನಂತ ಕರೀತೀರಿ ಅಂತ ಕೇಳ್ತಿದ್ದಾಳೆ," ಅಂದಳು.

"ನಾನೇನಂತ ಕರೀತೀನಿ? ರೀ ಅಂತೀನಿ."

ಅವಳು ಗಂಡನನ್ನು ಹೆಸರು ಹಿಡಿದು ಕರೆದವಳೇ ಅಲ್ಲ. ಹುಡುಗಿ ಅದನ್ನೂ ಮೈಕಿನಲ್ಲಿ ಅಂದಳು. ತುಕ್ಕು ಹಿಡಿದ ಬಾಗಿಲು ತೆಗೆದ ಹಾಗಿತ್ತು.

"ಹಾಗಲ್ಲಮ್ಮ, ಕೊಡು ಇಲ್ಲಿ," ಅಂತ ಇವಳು ಕಿಟಕಿಯೊಳಗೆ ಕೈ ಹಾಕಿ ಮೈಕು ತೆಗೆದುಕೊಂಡಳು.

ಕಿರುಚಲಿಲ್ಲ. ಆ ಅರ್ಧ ಕಿವಿಗೆ ಎಂಥ ದನಿ ಹಿಡಿಸುತ್ತದೆ ಅಂತ ಅವಳ ಗಂಟಲಿಗೆ ಗೊತ್ತಿತ್ತು. ಸ್ವಲ್ಪ ದಪ್ಪ, ಸ್ವಲ್ಪ ಉದ್ದ. ಸ್ನಾನಕ್ಕೆ ನೀರು ಕಾದಾಗ, ತಟ್ಟೆ ಹಾಕಿದಾಗ ಕರೆಯುವ ದನಿ.

"ರೀ... ದೋಣಿ ಹೊರಡ್ತಿದೆ. ದೋಣಿ ಹತ್ರ ಬನ್ರೀ..."

ಕಂಬಕಂಬದ ಮೇಲಿನ ಧ್ವನಿವರ್ಧಕದಲ್ಲಿ ಅದು ಇಡೀ ದ್ವೀಪಕ್ಕೆ ಕೇಳಿಸಿತು. ಪರದೇಶದ ಜನ ತಲೆ ಎತ್ತಿ ಕಂಬ ನೋಡಿದರು. ಒಂದು ಮಗು ಅಳು ನಿಲ್ಲಿಸಿತು. ಯಾರಿಗೂ ಅರ್ಥವಾಗಲಿಲ್ಲ.

ಒಬ್ಬರಿಗೆ ಆಯಿತು. ದೀಪಸ್ತಂಭದ ಹಿಂದಿನಿಂದ ಅವರು ಬಂದರು. ಓಡಿ ಬರಲಿಲ್ಲ. ಊಟಕ್ಕೆ ಕರೆದಾಗ ಒಳಗಿನ ಕೋಣೆಯಿಂದ ಬರುವ ಹಾಗೆ ಬಂದರು, ಜೇಬಿನಲ್ಲಿ ಕೈ ಇಟ್ಟುಕೊಂಡು.

"ಎಲ್ಲಿ ಹೋಗಿದ್ರಿ ನೀವೆಲ್ಲ? ಆಗಿಂದ ಹುಡುಕ್ತಿದ್ದೀನಿ," ಅಂತ ಇವರನ್ನೇ ಗದರಿಸಿದರು.

"ನಾವಾ? ನಿನ್ನ ಹೆಸರು ಅಷ್ಟು ಸಲ ಕೂಗಿದ್ರಲ್ಲೋ!" ಅಂದ ಗಡಿಬಿಡಿ ಅವರ ಎಡಗಡೆಯಿಂದ.

ಹೆಂಡತಿ ಆಗಲೇ ಬಲಕ್ಕೆ ಬಂದಿದ್ದಳು. "ಕೇಳಿದ್ರೇನ್ರೀ, ನಿಮ್ಮ ಹೆಸರು ಅಷ್ಟು ಸಲ ಕೂಗಿದ್ರಂತೆ."

"ಅದು ನನ್ನ ಹೆಸರಾ? ಏನೋ ಗೊರಗೊರ ಅಂತಿತ್ತು. ಯಾವನೋ ಪಾಪ ಕಳೆದುಹೋಗಿದ್ದಾನೆ ಅಂದ್ಕೊಂಡೆ."

ಅಷ್ಟು ಹೊತ್ತು ಅಳದವಳಿಗೆ ಈಗ ನಗು ಬಂದು ಕಣ್ಣೀರು ಬಂತು. ಮೈಕಿನ ಹುಡುಗಿ ಚಪ್ಪಾಳೆ ತಟ್ಟಿದಳು. ಹೆಂಡತಿಯ ತಲೆ ಯಾವತ್ತೂ ಅಷ್ಟು ಎತ್ತರದಲ್ಲಿ ಇರಲಿಲ್ಲ.

ದೋಣಿಯಲ್ಲಿ ಗಂಡನ ಪಕ್ಕ ಕೂರಲು ಹೋದರೆ, ಬಲಗಡೆ ಆಗಲೇ ಗಡಿಬಿಡಿ ಕೂತಿದ್ದ. ಅವರ ಕಿವಿಯ ಹತ್ತಿರ ಬಗ್ಗಿ, ಹುಟ್ಟಿದಾಗಿನಿಂದ ನಿಧಾನ ಅನ್ನುವುದೇ ಕಾಣದ ಮನುಷ್ಯ, ಒಂದೊಂದೇ ಮಾತು ಬಿಡಿಸಿ, "ಚಳಿ, ಆಗ್ತಿದ್ಯೇನೋ?" ಅಂದ.

"ಇಲ್ವೋ," ಅಂದರು ಅವರು.

ಅವಳು ನಿಂತೇ ಇದ್ದಳು. ಗಡಿಬಿಡಿ ತಲೆ ಎತ್ತಿ ನೋಡಿದ.

"ಆ ಕಡೆ ಕೂತ್ಕೊಳ್ಳಿ ಅತ್ತಿಗೆ. ಇವತ್ತೊಂದಿನ ನೀವು ಸಮುದ್ರ ನೋಡಿ. ಇಲ್ಲಿ ನಾನಿದ್ದೀನಿ."

ಅವಳು ಎಡಗಡೆ ಕೂತಳು. ಸಮುದ್ರ ನೋಡಿದಳು.

ಮೇಸ್ತ್ರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಹೊಟ್ಟೆಯಲ್ಲಿ ಮಾತು ನಿಲ್ಲದವನು ಅದೊಂದನ್ನು ನಿಲ್ಲಿಸಿಕೊಂಡ. ಅವರು ಕೆಲಸ ಬಿಡುವ ದಿನದವರೆಗೆ ಅದೇ ಪ್ರೆಸ್ಸಿನ ಮುಂದೆ ನಿಂತರು. ಆ ಕಾರ್ಖಾನೆಯಲ್ಲಿ ಬೆರಳು ಕಳೆದುಕೊಂಡವರು ಬೇಕಾದಷ್ಟು ಜನ. ಇವರು ಹತ್ತು ಬೆರಳೂ ಮನೆಗೆ ತಂದರು. ಹತ್ತು ಬೆರಳಿನ ಜೊತೆಗೇ ಹೋದರು.

ಅವರನ್ನು ಹಾರ ಹಾಕಿ ಮಲಗಿಸಿದ್ದಾಗ ಗಡಿಬಿಡಿ ಬಂದ. ಎಡಗಡೆ ಜಾಗ ಇತ್ತು. ಅವನು ಸುತ್ತಿ ಬಂದು ಬಲಗಡೆ ಕೂತ. ಬಗ್ಗಿ ಕಿವಿಯಲ್ಲಿ ಏನೋ ಹೇಳಿದ, ನಿಧಾನವಾಗಿ. ಏನು ಹೇಳಿದ ಅಂತ ಅವಳು ಕೇಳಲಿಲ್ಲ.

ಈಗ ಮನೆಯಲ್ಲಿ ಒಬ್ಬಳೇ. ತಟ್ಟೆ ಹಾಕಿದಾಗ ರೀ ಅನ್ನುವುದು ನಾಲಿಗೆ ತುದಿಗೆ ಬರುತ್ತದೆ. ಅವಳು ಅನ್ನುವುದಿಲ್ಲ. ಇಡೀ ದ್ವೀಪದಲ್ಲಿ ಯಾರಿಗೂ ತಿಳಿಯದ ಒಂದಕ್ಷರಕ್ಕೆ ಎದ್ದು ಬಂದ ಮನುಷ್ಯ ಅವರು. ಹೆಂಡತಿ ಕರೆದರೂ ಬರಲಿಲ್ಲ ಅನ್ನುವ ಮಾತು ಅವರಿಗೆ ಬರಬಾರದು.