ಕತ್ತರಿಸಿದ ಹುಲ್ಲು ಕಾಯುವುದಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹುಲ್ಲು ಬೆಳೆಸುವ ಬಯಲಿನ ಮಧ್ಯೆ ಮಂಡಿಯೂರಿದ ಹೆಂಗಸೊಬ್ಬರು ಚಪ್ಪಟೆ ಸಲಿಕೆಯನ್ನು ನೆಲದೊಳಗೆ ಅಡ್ಡಲಾಗಿ ತೂರಿಸಿ, ಹುಲ್ಲನ್ನು ಬೇರು, ಮಣ್ಣಿನ ಸಮೇತ ಪಟ್ಟಿ ಪಟ್ಟಿಯಾಗಿ ಎಬ್ಬಿಸುತ್ತಿದ್ದಾರೆ. ಎಬ್ಬಿಸಿದ್ದನ್ನು ಚಾಪೆ ಸುತ್ತಿದ ಹಾಗೆ ಸುತ್ತಿ ಪಕ್ಕಕ್ಕೆ ಉರುಳಿಸುತ್ತಾರೆ. ಇಬ್ಬನಿ ಕುಡಿದ ಒಂದೊಂದು ಸುರುಳಿಯೂ ಒದ್ದೆ ಕಂಬಳಿಯಷ್ಟು ಭಾರ.

"ಇಬ್ಬನಿ ನೋಡೋಕೆ ಚೆಂದ. ಅದರ ತೂಕ ಎತ್ತೋರಿಗೆ ಗೊತ್ತು," ಎನ್ನುತ್ತಾರೆ ಅವರು, ತಲೆ ಎತ್ತದೆ.

ಐವತ್ತರ ಆಸುಪಾಸಿನ ಈ ಹೆಂಗಸನ್ನು ಎಲ್ಲರೂ ಕರೆಯುವುದು ಹುಲ್ಲಕ್ಕ ಎಂದು. ಮನೆಗಳ ಅಂಗಳಕ್ಕೆ ಹುಲ್ಲುಹಾಸು ಹಾಕುವುದು ಇವರ ಕಸುಬು. ಅತ್ತ ಸಣ್ಣ ಸರಕು ಗಾಡಿಯ ಪಕ್ಕ ನಿಂತ ಗಂಡ ಕೂಗುತ್ತಾರೆ: "ಬೇಗ ಬಾರೇ, ಬಿಸಿಲೇರ್ತಿದೆ!" ಬಿಸಿಲಿನ ಸುಳಿವೇ ಇಲ್ಲ. "ಇವರದ್ದು ಯಾವಾಗ್ಲೂ ಇದೇ. ಸೂರ್ಯ ಇವರನ್ನ ಕೇಳಿ ಹುಟ್ಟೋದು," ಎಂದು ಹುಲ್ಲಕ್ಕ ಗೊಣಗುತ್ತಾರೆ. ಆದರೂ ಕೈ ಚುರುಕಾಗುತ್ತದೆ.

ಅವಸರಕ್ಕೆ ಕಾರಣವಿದೆ. ನಿನ್ನೆ ಉಳಿದುಹೋದ ಸುರುಳಿಯೊಂದರ ಒಳಗೆ, ಅವರ ಬಗ್ಗೆ ಬರೆಯಲು ಬಂದ ನನ್ನ ಕೈ ಹಿಡಿದು ತೂರಿಸುತ್ತಾರೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತಾಗುತ್ತದೆ. "ಸುತ್ತಿಟ್ಟ ಹುಲ್ಲು ಒಳಗೊಳಗೇ ಬೇಯುತ್ತೆ. ಕತ್ತರಿಸಿದ ದಿನಾನೇ ಹಾಸಿ ನೀರು ಹಾಕ್ಬೇಕು. ಒಲೆ ಮೇಲೆ ಹಾಲಿಟ್ಟೋರ ಬಾಳು ನಮ್ಮದು. ಆ ಕಡೆ ಈ ಕಡೆ ನೋಡೋ ಹಾಗಿಲ್ಲ."

ದಿನಕ್ಕೆ ಏನಿಲ್ಲವೆಂದರೂ ಇನ್ನೂರು ಸುರುಳಿ. ಪ್ರತಿಯೊಂದನ್ನೂ ಎತ್ತಿ ಗಾಡಿಗೇರಿಸಬೇಕು, ಇಳಿಸಬೇಕು, ಮನೆಯ ಪಕ್ಕದ ಸಂದಿಯಲ್ಲಿ ಹೊತ್ತೊಯ್ದು ಹಾಸಬೇಕು. ಮೊದಲು ಅವರು ಬಟ್ಟೆ ಒಗೆಯುವ ಕಾರ್ಖಾನೆಯೊಂದರಲ್ಲಿ ಆಸ್ಪತ್ರೆಗಳ ಹೊದಿಕೆ ಮಡಚುತ್ತಿದ್ದರು. ಅದು ಮುಚ್ಚಿತು. ಅದೇ ಸಮಯಕ್ಕೆ ಗಂಡನ ಗಾಡಿಯಲ್ಲಿ ಲೋಡು ಎತ್ತುತ್ತಿದ್ದಾತ ಕಾಯಿಲೆ ಬಿದ್ದ. "ಒಂದು ವಾರ ಬಂದು ಕೈ ಹಚ್ಚು ಅಂದ್ರು. ಆ ವಾರ ಇನ್ನೂ ಮುಗಿದಿಲ್ಲ ನೋಡಿ," ಎಂದು ನಗುತ್ತಾರೆ. ಉಗುರಿನ ಸಂದಿಯ ಮಣ್ಣು ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಊಟಕ್ಕೆ ಕೂತಾಗ ಮಗಳು, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ, "ಎಲ್ಲಿ, ಕೈ ತೋರ್ಸಮ್ಮ" ಎನ್ನುತ್ತಾಳಂತೆ.

ಹಾಸುವುದಕ್ಕಿಂತ ಆರಿಸುವುದೇ ತಲೆನೋವು. ಬಿಸಿನಾಡಿನ ಹುಲ್ಲುಗಳಲ್ಲಿ ಒಂದೊಂದಕ್ಕೂ ಒಂದೊಂದು ಗುಣ. ಗರಿಕೆಯ ಜಾತಿಗೆ ಸೇರಿದ ಬರ್ಮುಡಾಕ್ಕೆ ದಿನವಿಡೀ ಬಿಸಿಲು ಬೇಕು. ಮಕ್ಕಳು ಓಡಲಿ, ನಾಯಿ ಹೊರಳಲಿ, ತಾಳಿಕೊಳ್ಳುತ್ತದೆ. ಆದರೆ ಹೂವಿನ ಪಾತಿಗೂ ನುಗ್ಗುತ್ತದೆ. ಸಣ್ಣೆಲೆಯ ಜೋಯ್ಸಿಯಾ ಮಖಮಲ್ಲಿನಂತೆ ಮೆತ್ತಗೆ. ಒಮ್ಮೆ ಗಾಯವಾಯಿತೋ, ಮಾಯಲು ತಿಂಗಳುಗಟ್ಟಲೆ. ಅಗಲೆಲೆಯ ಇನ್ನೊಂದು ಜಾತಿ ನೆರಳಲ್ಲೂ ಬದುಕುತ್ತದೆ. ನೋಡಲು ಒರಟು, ನೀರೂ ಹೆಚ್ಚು ಬೇಕು. ಅದಕ್ಕೆ ಹುಲ್ಲಕ್ಕ ಇಟ್ಟ ಹೆಸರು 'ಒರಟಿ'.

"ಜನ ಮೊಬೈಲಲ್ಲಿ ಹುಡುಗಿ ಫೋಟೋ ತೋರ್ಸಿದ ಹಾಗೆ ಹುಲ್ಲಿನ ಫೋಟೋ ತೋರಿಸ್ತಾರೆ. ಇಂಥದ್ದೇ ಬೇಕು ಅಂತಾರೆ. ನಿಮ್ಮ ಅಂಗಳಕ್ಕೆ ಬಿಸಿಲು ಎಷ್ಟೊತ್ತು ಬೀಳುತ್ತೆ, ಯಾರು ಓಡಾಡ್ತಾರೆ, ನೀರು ಯಾರು ಹಾಕ್ತಾರೆ ಅಂತ ನಾನು ಕೇಳ್ತೀನಿ. ಅದಕ್ಕೆ ಉತ್ತರ ಸಿಗಲ್ಲ. ಚಳಿಗಾಲಕ್ಕೆ ಹುಲ್ಲು ಕಂದಿದ ಕೂಡ್ಲೇ ಮಾತ್ರ ಫೋನು ಬರುತ್ತೆ, ಸತ್ತೋಯ್ತು ಅಂತ. ಸತ್ತಿಲ್ಲ, ಚಳಿ ಹಿಡ್ದಿದೆ ಅಷ್ಟೇ, ಬಿಸಿಲು ಬರ್ಲಿ ಅಂತ ಹೇಳಿ ಹೇಳಿ ಗಂಟಲು ಒಣಗಿಹೋಯ್ತು."

ಕಳೆದ ಬೇಸಿಗೆಯಲ್ಲಿ ಹಾಕಿದ ಒಂದು ಅಂಗಳದ ಬಗ್ಗೆ ಕೇಳಿದರೆ ಮಾತ್ರ ಅವರು ಸಲಿಕೆ ಕೆಳಗಿಡುತ್ತಾರೆ. ಅದು ನಿವೃತ್ತ ಟೈಲರೊಬ್ಬರ ಮನೆ. ಅವರ ಹೆಂಡತಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಮತ್ತೆ ನಡೆಯುವುದನ್ನು ಕಲಿಯಲು ಬಾಗಿಲಿಂದ ಗೇಟಿನವರೆಗೆ ಮೆತ್ತನೆಯ ನೆಲ ಬೇಕಿತ್ತು. ಟೈಲರಿಗೆ ಸಣ್ಣೆಲೆಯ ಹುಲ್ಲಿನ ಮೇಲೆಯೇ ಮನಸ್ಸು. ಆದರೆ ಪಕ್ಕದ ಕಟ್ಟಡದ ನೆರಳು ಮಧ್ಯಾಹ್ನದವರೆಗೂ ಅಂಗಳ ಬಿಡುತ್ತಿರಲಿಲ್ಲ.

"ಇಲ್ಲಿ ಒರಟಿ ಒಂದೇ ಬದುಕೋದು ಅಣ್ಣ. ನೋಡೋಕೆ ಅಷ್ಟಕ್ಕಷ್ಟೆ, ಕಾಲಿಟ್ರೆ ಹಾಸಿಗೆ ಥರ," ಎಂದಿದ್ದರು ಹುಲ್ಲಕ್ಕ. ಟೈಲರ್ ಮುಖ ಹುಳ್ಳಗೆ ಮಾಡಿದರು. ಕಿಟಕಿಯ ಒಳಗಿಂದ ಹೆಂಡತಿಯ ದನಿ ಬಂತು: "ಒರಟಾದ್ರೇನಂತೆ? ಇಷ್ಟು ವರ್ಷ ನಿಮ್ಮ ಜೊತೆ ಬಾಳಿಲ್ವಾ?" ಮೂವರೂ ನಕ್ಕರು. ಒರಟಿಯೇ ಎಂದು ತೀರ್ಮಾನವಾಯಿತು.

ಹಾಸುವ ದಿನ ಗಾಡಿ ಹೋದಾಗ ಮನೆಗೆ ಬೀಗ. ಉಸಿರಾಟದ ತೊಂದರೆಯಾಗಿ ಟೈಲರ್ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ದರೆಂದು ಮಹಡಿಯ ಮನೆಯಾಕೆ ಹೇಳಿದರು. ಟೈಲರ್ ಫೋನು ಎತ್ತಲಿಲ್ಲ. ಗಾಡಿಯಲ್ಲಿ ಹುಲ್ಲು ಬಿಸಿಯಾಗುತ್ತಿತ್ತು. "ಬೇರೆ ಗಿರಾಕಿ ಇದಾರೆ, ಅಲ್ಲಿಗೆ ಹಾಕೋಣ ನಡಿ," ಎಂದರು ಗಂಡ. ಹುಲ್ಲಕ್ಕ ಹದ ಮಾಡಿಟ್ಟಿದ್ದ ಮಣ್ಣನ್ನೇ ನೋಡುತ್ತ ನಿಂತರು. ಆಮೇಲೆ ಗೇಟಿನ ಚಿಲಕ ತೆಗೆದು ಒಳಗೆ ಹೋದರು. "ಆಯಮ್ಮ ವಾಪಸ್ ಬಂದು ಕೆಸರು ತುಳೀಬೇಕಾ? ಇಳ್ಸಿ," ಎಂದರು.

ಮಹಡಿಯಿಂದ ಪೈಪು ಇಳಿಯಿತು. ಸಂಜೆಯೊಳಗೆ ಅಂಗಳ ಹಸಿರಾಯಿತು. ಹೊಸ ಹುಲ್ಲಿಗೆ ಎರಡು ಹೊತ್ತು ನೀರು ಬೇಕು. ಬೆಳಗಿನ ನೀರು ಮಹಡಿಯಾಕೆಯದು, ಸಂಜೆಯದು ಹುಲ್ಲಕ್ಕನದು. ಕೆಲಸ ಮುಗಿಸಿ, ಬಸ್ಸು ಹಿಡಿದು, ನೀರು ಹಾಕಿ, ಮತ್ತೆ ಬಸ್ಸು ಹಿಡಿದು ಮನೆಗೆ. ಹೀಗೇ ಎರಡು ವಾರ ಕಳೆಯಿತು. ಒಂದು ಸಂಜೆ ಮಹಡಿಯಾಕೆ ಅರ್ಧ ಮೆಟ್ಟಿಲು ಇಳಿದು ಬಂದು, ಆಯಮ್ಮ ಆಸ್ಪತ್ರೆಯಲ್ಲೇ ತೀರಿಕೊಂಡರೆಂದು ಹೇಳಿದರು.

"ಕೈಯಲ್ಲಿ ಪೈಪಿತ್ತು. ಏನು ಮಾಡ್ಲಿ? ನೀರು ಹಾಕಿ ಮುಗಿಸ್ದೆ," ಎನ್ನುತ್ತಾರೆ ಹುಲ್ಲಕ್ಕ.

ಕೆಲ ದಿನಗಳ ನಂತರ ಟೈಲರ್ ಫೋನು ಮಾಡಿದರು. "ಇದನ್ನ ತೆಗೆದುಬಿಡಮ್ಮ. ಬಾಗಿಲು ತೆಗೆದ್ರೆ ಕಣ್ಣಿಗೆ ಬೀಳುತ್ತೆ, ನೋಡೋಕಾಗ್ತಿಲ್ಲ." ಗಂಡಹೆಂಡಿರು ಸಲಿಕೆ ಹಿಡಿದು ಹೋದರು. ಹುಲ್ಲಕ್ಕ ಒಂದು ಮೂಲೆ ಹಿಡಿದು ಎಳೆದರು. ಅಲುಗಲಿಲ್ಲ.

"ಬೇರು ಬಿಟ್ಟಿದೆ ಅಣ್ಣ. ಇನ್ನು ಎಳೆದ್ರೆ ಬರಲ್ಲ, ಕಡೀಬೇಕು. ನೀವು ಹ್ಞೂಂ ಅಂದ್ರೆ ಕಡೀತೀನಿ."

ಟೈಲರ್ ಗೋಡೆ ಹಿಡಿದು ನಿಧಾನಕ್ಕೆ ಕೆಳಗೆ ಕೂತರು. ಎರಡೂ ಕೈಯಲ್ಲಿ ಹುಲ್ಲು ಹಿಡಿದು ಜಗ್ಗಿದರು. ಮುಷ್ಟಿಗೆ ನಾಲ್ಕು ಎಲೆ ಬಂತು. ಮತ್ತೆ ಜಗ್ಗಿದರು. ಆಮೇಲೆ ಕೈಚೆಲ್ಲಿ ಅಲ್ಲೇ ಅತ್ತುಬಿಟ್ಟರು. ಹುಲ್ಲಕ್ಕ ಸಲಿಕೆ ಬದಿಗಿಟ್ಟು ಪಕ್ಕದಲ್ಲಿ ಕೂತರು. ಹೊರಗೆ ಗಂಡ ಗಾಡಿಯ ಎಂಜಿನ್ ಆರಿಸಿದರು. ಕಣ್ಣೊರೆಸಿಕೊಂಡು ಟೈಲರ್ ಕೇಳಿದರು, "ದಿನಾ ಎಷ್ಟು ನೀರು ಹಾಕ್ಬೇಕಮ್ಮ ಇದಕ್ಕೆ?"

ಇಂದು ಕೆಲಸ ಮುಗಿಸಿ ಬರುವಾಗ ಹುಲ್ಲಕ್ಕನೊಂದಿಗೆ ನಾನೂ ಆ ಮನೆಗೆ ಹೋಗುತ್ತೇನೆ. ಟೈಲರ್ ಗೋಡೆಯಂಚಿನಲ್ಲಿ ಬೆಳೆದ ಹುಲ್ಲನ್ನು ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಿಂದ ಸಮ ಮಾಡುತ್ತಿದ್ದಾರೆ. ಅಳತೆ ತಪ್ಪಿಲ್ಲ. "ಯಾರಿಗೂ ಹೇಳ್ದೆ ಕೇಳ್ದೆ ಈಕೆ ಹಾಸಿ ಹೋದ್ಲು ನೋಡಿ. ಈಗ ಬೆಳಗ್ಗೆ ಏಳೋಕೆ ನನಗೊಂದು ನೆಪ," ಎಂದು ನನಗೆ ಹೇಳಿ ಒಳಗೆ ಟೀ ಮಾಡಲು ಹೋಗುತ್ತಾರೆ.

ಅಂದು ಯಾಕೆ ಹಾಸಿದಿರಿ ಎಂದು ಹುಲ್ಲಕ್ಕನನ್ನು ಕೇಳುತ್ತೇನೆ. ಅವರು ಮೆಟ್ಟಿಲ ಮೇಲೆ ಕಾಲು ಚಾಚಿ ಕೂರುತ್ತಾರೆ. "ಆಯಮ್ಮ ಬರ್ತಾರೆ ಅಂತ. ಮತ್ತೆ, ಇನ್ನೊಂದು ಮನೇಲಿ ಮೊದಲಿಂದ ಮಣ್ಣು ಹದ ಮಾಡಿ ಹಾಸೋ ಶಕ್ತಿ ನನಗಿರ್ಲಿಲ್ಲ. ಅದನ್ನೂ ಬರ್ಕೊಳ್ಳಿ, ಸುಮ್ನೆ ನನ್ನ ದೇವತೆ ಮಾಡ್ಬೇಡಿ."

ನಿಮಗೇನು ಆಸೆಯಿದೆ ಎಂದರೆ ಮೊದಲು ಏನೂ ಇಲ್ಲವೆಂದು ತಲೆಯಾಡಿಸುತ್ತಾರೆ. ಒಳಗಿಂದ ಲೋಟಗಳ ಸದ್ದು ಬರುತ್ತದೆ. ಕಣ್ಣು ಅರೆಮುಚ್ಚಿ, ನನಗಲ್ಲ, ತಮಗೇ ಹೇಳಿಕೊಂಡಂತೆ ಮಾತು ತೆಗೆಯುತ್ತಾರೆ:

"ಒಂದಿನ ಮಧ್ಯಾಹ್ನ ಮಲಗ್ಬೇಕು. ಎಂಥಾ ನಿದ್ದೆ ಅಂದ್ರೆ, ಮುಸ್ಸಂಜೇಲಿ ಎದ್ದು, ಹೊರಗಿನ ಬೆಳಕು ನೋಡಿ, 'ಬೆಳಗಾಯ್ತೇನೇ?' ಅಂತ ಮಗಳನ್ನ ಕೇಳ್ಬೇಕು. ಅವಳು ಬಿದ್ದು ಬಿದ್ದು ನಗ್ಬೇಕು."